ಎಣ್ಣೆ ಉಳಿಸುವ ಕೈ: ನಾಲ್ಕು ಸಾಲುಗಳ ವ್ಯಾಖ್ಯಾನ

ಪರಿಸರಸ್ನೇಹಿ ಸಿಬ್ಬಂದಿ ನೀತಿ ದೊಡ್ಡ ಕಂಪನಿಗಳಿಗಷ್ಟೇ ಸೇರಿದ್ದಲ್ಲ. ನಮ್ಮ ಬಸ್ ಡಿಪೋಗಳಲ್ಲಿ ಅದರ ಅಳತೆ ‘ಕೆಎಂಪಿಎಲ್’: ಒಂದು ಲೀಟರ್ ಡೀಸೆಲ್‌ಗೆ ಬಸ್ಸು ಎಷ್ಟು ಕಿಲೋಮೀಟರ್ ಓಡಿತು ಎಂಬ ಲೆಕ್ಕ. ಮಾನ್ವಿ, ದೇವದುರ್ಗ, ರಾಯಚೂರಿನ ಕಡೆ ಬಸ್ ಓಡಿಸುವವರನ್ನು ನೆನೆದು, ಡಿಪೋದ ಗೋಡೆಗೆಂದು ನಾನು ಬರೆದ ಸಾಲುಗಳಿವು:

ಎಣ್ಣೆ ಉಳಿಸುವ ಕೈ ಡ್ರೈವರನದು;
ಗಾಡಿ ಸರಿಯಿಡುವ ಹೊಣೆ ಡಿಪೋದ್ದು;
ಲೆಕ್ಕ ಇಬ್ಬರಿಗೂ ಕಾಣಲಿ;
ಉಳಿದದ್ದರಲ್ಲಿ ದುಡಿದವರಿಗೂ ಪಾಲಿರಲಿ.

‘ಎಣ್ಣೆ ಉಳಿಸುವ ಕೈ ಡ್ರೈವರನದು’: ನಿಂತಲ್ಲಿ ಎಂಜಿನ್ ಆಫ್ ಮಾಡುವುದು, ಕ್ಲಚ್ ಮೇಲೆ ಕಾಲಿಡದಿರುವುದು, ಹಂಪ್ ಬರುವ ಮೊದಲೇ ವೇಗ ಇಳಿಸುವುದು ಅವನಿಂದಷ್ಟೇ ಸಾಧ್ಯ. ದಿನಕ್ಕೆ 300 ಕಿ.ಮೀ. ಓಡುವ ಬಸ್ಸಿನ ಕೆಎಂಪಿಎಲ್ 5ರಿಂದ 5.2ಕ್ಕೆ ಏರಿತು ಎನ್ನೋಣ. ಎರಡು ಲೀಟರಿಗೂ ಮಿಕ್ಕಿ ಡೀಸೆಲ್ ಉಳಿಯುತ್ತದೆ, ಸುಮಾರು 6 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುವುದು ತಪ್ಪುತ್ತದೆ.

‘ಗಾಡಿ ಸರಿಯಿಡುವ ಹೊಣೆ ಡಿಪೋದ್ದು’: ಟೈರಿನಲ್ಲಿ ಗಾಳಿ ಕಡಿಮೆ, ಏರ್ ಫಿಲ್ಟರ್ ತುಂಬ ಧೂಳು, ಬ್ರೇಕ್ ಹಿಡಿದುಕೊಂಡಿದೆ, ಅಂಥ ಗಾಡಿ ಕೊಟ್ಟು ಮೈಲೇಜ್ ಕೇಳಿದರೆ ಯಾರೂ ಮನಸ್ಸಿಟ್ಟು ದುಡಿಯುವುದಿಲ್ಲ. ಡ್ರೈವರ್ ಬರೆದುಕೊಟ್ಟ ದೂರು ಮರುದಿನ ಗಾಡಿ ಹೊರಡುವ ಮೊದಲೇ ಬಗೆಹರಿಯಬೇಕು. ನೀತಿಗೆ ಸಿಬ್ಬಂದಿಯ ಬೆಂಬಲ ಹುಟ್ಟುವುದು ಅಲ್ಲಿ.

‘ಲೆಕ್ಕ ಇಬ್ಬರಿಗೂ ಕಾಣಲಿ’: ನಾಲ್ಕರಲ್ಲಿ ಇದೇ ಮುಖ್ಯ; ಗುರಿ ಯಾವ ಲೆಕ್ಕದಲ್ಲಿ ಇಟ್ಟರೆಂಬುದು ಡ್ರೈವರಿಗೂ ಡಿಪೋಗೂ ಕಾಣಬೇಕು. ಮಾನ್ವಿ ಕಡೆಯ ಬಾಗಲವಾಡದಂಥ ಊರಿನ ಬಸ್ಸು ಹಳ್ಳಿಹಳ್ಳಿಗೂ ನಿಲ್ಲಬೇಕು, ಎರೆನೆಲದ ಕುಸಿದ ರಸ್ತೆಯಲ್ಲಿ ಗೇರ್ ಇಳಿಸಬೇಕು. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ ಬಂದ ಮೇಲೆ ಬಸ್ಸುಗಳು ಇನ್ನಷ್ಟು ತುಂಬಿದವು. ಇಂಥ ಹಳ್ಳಿ ಬಸ್ಸಿಗೂ ಹೆದ್ದಾರಿಯ ಬಸ್ಸಿಗೂ ಒಂದೇ ಗುರಿ ಇಟ್ಟರೆ ಅದು ಅನ್ಯಾಯ. ರೂಟ್, ಗಾಡಿಯ ವಯಸ್ಸು, ಜನರ ಭಾರ ನೋಡಿ ಗುರಿ ಇಡಬೇಕು. ಇಡುವಾಗ ಆ ರೂಟಿನ ಡ್ರೈವರನ್ನೇ ಕೂರಿಸಿಕೊಂಡು ಕೇಳಬೇಕು. ಕೆಎಂಪಿಎಲ್ ಕಡಿಮೆ ಬಂದ ತಿಂಗಳು ಎಚ್ಚರಿಕೆಯ ಮೆಮೊಗೆ ಮೊದಲು ತರಬೇತಿ ಸಿಗಬೇಕು.

‘ಉಳಿದದ್ದರಲ್ಲಿ ದುಡಿದವರಿಗೂ ಪಾಲಿರಲಿ’: ‘ದುಡಿದವರು’ ಎಂದರೆ ಡ್ರೈವರ್ ಒಬ್ಬನೇ ಅಲ್ಲ, ಟೈರಿಗೆ ಗಾಳಿ ತುಂಬಿದವರು, ಫಿಲ್ಟರ್ ಬದಲಿಸಿದ ಮೆಕ್ಯಾನಿಕ್ ಕೂಡ. ವರ್ಷಕ್ಕೊಮ್ಮೆ ಒಬ್ಬಿಬ್ಬರಿಗೆ ಶಾಲು ಹೊದಿಸುವುದು ಒಳ್ಳೆಯದೇ, ಆದರೆ ಸಾಲದು. ಉಳಿತಾಯದ ಒಂದಂಶ ಪ್ರತಿ ತಿಂಗಳು ಸಂಬಳದ ಜೊತೆ ಇವರೆಲ್ಲರ ಕೈಸೇರಲಿ. ಆಗ ಡೀಸೆಲ್ ಉಳಿಸುವುದು ಮೇಲಿನವರ ಆದೇಶವಾಗಿ ಉಳಿಯದೆ ಅವರದೇ ಕೆಲಸವಾಗುತ್ತದೆ.