ಕುಲುಮೆಯ ಪಾಠ: ‘ಹೇಗೆ’ ಇದೆ, ‘ಏಕೆ’ ಎಲ್ಲಿ?

ಕಾದು ಕೆಂಪಾದ ಉಳಿಯನ್ನು ಕಮ್ಮಾರರು ನೀರಿಗೆ ಅದ್ದಿದಾಗ ಬರುವ ‘ಚೊಂಯ್’ ಸದ್ದನ್ನು ನೀವು ಕೇಳಿರಬಹುದು. ಆ ಒಂದೆರಡು ಕ್ಷಣಗಳಲ್ಲಿ ಉಕ್ಕಿನೊಳಗೆ ಏನಾಯಿತು? ನಮ್ಮ ಪಠ್ಯಗಳಲ್ಲಿ ಉಷ್ಣ, ಕಾಂತತ್ವ, ಬೆಳಕು, ಮಿಶ್ರಲೋಹ ಇವೆಲ್ಲ ಬೇರೆ ಬೇರೆ ಅಧ್ಯಾಯಗಳು. ಕುಲುಮೆಯಲ್ಲಿ ಮಾತ್ರ ನಾಲ್ಕೂ ಒಂದೇ ಕಡೆ ಸೇರುತ್ತವೆ. ಆದ್ದರಿಂದಲೇ ಹವ್ಯಾಸಿ ಕಮ್ಮಾರರಿಗೆಂದು ಬರೆದ ಪುಸ್ತಕಗಳನ್ನು ವಿಜ್ಞಾನದ ಅಧ್ಯಾಪಕರೂ ಓದಬೇಕು, ಆದರೆ ಪ್ರಶ್ನಿಸುತ್ತ ಓದಬೇಕು ಎಂಬುದು ಈ ಲೇಖನದ ಆಶಯ.

ಇಂಥ ಪುಸ್ತಕಗಳಲ್ಲಿ ಹೆಸರಾದದ್ದು ಅಲೆಕ್ಸಾಂಡರ್ ವೈಗರ್ಸ್ ಅವರ ‘ದಿ ಕಂಪ್ಲೀಟ್ ಮಾಡರ್ನ್ ಬ್ಲ್ಯಾಕ್‌ಸ್ಮಿತ್’. 1973, 1974 ಮತ್ತು 1978ರಲ್ಲಿ ಬಿಡಿಯಾಗಿ ಬಂದ ಮೂರು ಪುಸ್ತಕಗಳನ್ನು ಒಟ್ಟುಗೂಡಿಸಿ 1997ರಲ್ಲಿ ಇದನ್ನು ಪ್ರಕಟಿಸಲಾಯಿತು. ವೈಗರ್ಸ್ 1901ರಲ್ಲಿ ಜಾವಾದಲ್ಲಿ ಹುಟ್ಟಿ, ಹಾಲೆಂಡಿನಲ್ಲಿ ಯಂತ್ರಶಾಸ್ತ್ರ ಓದಿ, ಮುಂದೆ ಶಿಲ್ಪಿಯಾಗಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದರು. 1989ರಲ್ಲಿ ತೀರಿಕೊಂಡರು.

ಪುಸ್ತಕದ ಮೊದಲ ಗುಣ ಅದು ಓದುಗನಿಗೆ ಕೊಡುವ ಧೈರ್ಯ. ದುಬಾರಿ ಸಲಕರಣೆ ಇಲ್ಲದಿದ್ದರೂ ಗುಜರಿಯ ಉಕ್ಕಿನಿಂದ ನಿಮ್ಮ ಉಪಕರಣವನ್ನು ನೀವೇ ಮಾಡಿಕೊಳ್ಳಬಹುದು ಎಂಬುದೇ ಅದರ ತಿರುಳು. ಲೇಖಕರೇ ಬರೆದ ಚಿತ್ರಗಳು ಪುಟಗಟ್ಟಲೆ ವಿವರಣೆಗಿಂತ ಹೆಚ್ಚು ಹೇಳುತ್ತವೆ. ಆದರೆ ಅದರ ಒತ್ತು ಕೈಕೆಲಸದ ಮೇಲೆ, ಕಾರಣಗಳ ಮೇಲಲ್ಲ. ಈ ಬಗೆಯ ಬರೆಹಗಳಿಗೆಲ್ಲ ಇರುವ ಮಿತಿ ಇದು. ಕಾರಣ ತಿಳಿಯದ ಸೂತ್ರ ಒಮ್ಮೆ ಕೈಹಿಡಿಯುತ್ತದೆ, ಇನ್ನೊಮ್ಮೆ ಕೈಕೊಡುತ್ತದೆ.

ನನಗೇ ಆದ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಲಾರಿಯ ಹಳೆಯ ಕಮಾನು ಪಟ್ಟಿಯ ತುಂಡಿನಿಂದ ಒಂದು ಉಳಿ ಮಾಡಿದೆ. ಕೆಂಪಗೆ ಕಾಸಿ ನೀರಿಗೆ ಅದ್ದಿದೆ. ‘ಟಿಕ್’ ಎಂಬ ಸಣ್ಣ ಸದ್ದು ಬಂತು, ಗಮನ ಕೊಡಲಿಲ್ಲ. ಎರಡನೆಯ ಏಟಿಗೆ ಉಳಿಯ ತುದಿ ಸಿಡಿದು ಕನ್ನಡಕದ ಗಾಜಿಗೆ ಬಡಿಯಿತು. ಕನ್ನಡಕ ಇರದಿದ್ದರೆ ಈ ಲೇಖನವನ್ನು ಒಂದೇ ಕಣ್ಣಿನಿಂದ ಬರೆಯಬೇಕಾಗುತ್ತಿತ್ತು. ನಮ್ಮೂರ ಕಮ್ಮಾರರಿಗೆ ತೋರಿಸಿದಾಗ ಅವರು ಹೇಳಿದ್ದು ಇಷ್ಟೇ: “ಇದಕ್ಕೆ ನೀರಲ್ಲ ಸ್ವಾಮಿ, ಎಣ್ಣೆ.”

ಅವರ ಮಾತು ಸರಿ. ಏಕೆ ಸರಿ? ಸಾಮಾನ್ಯ ಉಕ್ಕನ್ನು ಸುಮಾರು 727° ಸೆ.ಗಿಂತ ಮೇಲಕ್ಕೆ ಕಾಸಿದಾಗ ಅದರ ಸ್ಫಟಿಕ ರಚನೆ ಬದಲಾಗತೊಡಗಿ ಆಸ್ಟೆನೈಟ್ ಎಂಬ ರೂಪ ಬರುತ್ತದೆ. ಇದರಲ್ಲಿ ಇಂಗಾಲ ಚೆನ್ನಾಗಿ ಕರಗುತ್ತದೆ. ನಿಧಾನವಾಗಿ ತಣಿಸಿದರೆ ಇಂಗಾಲ ಹೊರಬಂದು ಮೆತ್ತನೆಯ ರಚನೆ ಮರಳುತ್ತದೆ. ಥಟ್ಟನೆ ತಣಿಸಿದರೆ ಇಂಗಾಲಕ್ಕೆ ಹೊರಬರಲು ಸಮಯವೇ ಸಿಗದೆ, ಸ್ಫಟಿಕಜಾಲವು ಎಳೆದು ಹಿಡಿದಂತಾಗಿ ಗಡಸಾದ ಮಾರ್ಟೆನ್ಸೈಟ್ ಉಂಟಾಗುತ್ತದೆ. ಎಷ್ಟು ವೇಗವಾಗಿ ತಣಿಸಬೇಕು ಎಂಬುದನ್ನು ಉಕ್ಕಿನಲ್ಲಿರುವ ಇತರ ಧಾತುಗಳು ನಿರ್ಧರಿಸುತ್ತವೆ. ಕಮಾನು ಪಟ್ಟಿಯ ಉಕ್ಕಿನಲ್ಲಿ ಇಂಗಾಲದೊಂದಿಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಸೇರಿರುತ್ತವೆ. ಆದ್ದರಿಂದ ಎಣ್ಣೆಯ ನಿಧಾನಗತಿಯೇ ಅದಕ್ಕೆ ಸಾಕು. ನೀರಿಗೆ ಅದ್ದಿದರೆ ಹೊರಭಾಗ ಒಳಭಾಗಗಳ ಉಷ್ಣತೆಯ ಅಂತರ ಹೆಚ್ಚಿ ಬಿರುಕು ಬೀಳುತ್ತದೆ. ನಾನು ಕೇಳಿದ ‘ಟಿಕ್’ ಆ ಬಿರುಕಿನದು.

ಇನ್ನು ಆಯಸ್ಕಾಂತದ ಸಲಹೆ. ‘ಆಯಸ್ಕಾಂತ ಅಂಟದಿದ್ದರೆ ಉಕ್ಕು ಅದ್ದಲು ಸಿದ್ಧ’ ಎಂದು ಹವ್ಯಾಸಿಗಳಿಗೆ ಹೇಳುವುದು ರೂಢಿ. ಕ್ಯೂರಿ ಬಿಂದು 770° ಸೆ. ಎಂದು ಓದಿರುವ ವಿದ್ಯಾರ್ಥಿ, ಆಗ ಉಕ್ಕಿನ ಉಷ್ಣತೆಯೂ 770° ಎಂದು ಬರೆದುಬಿಡುತ್ತಾನೆ. ಇಲ್ಲಿ ಎಚ್ಚರ ಬೇಕು. 770° ಶುದ್ಧ ಕಬ್ಬಿಣದ ಅಂಕಿ. ಸುಮಾರು 0.8% ಇಂಗಾಲವಿರುವ ಉಕ್ಕು ಅದಕ್ಕೂ ಮೊದಲೇ ಆಸ್ಟೆನೈಟ್ ಆಗುತ್ತದೆ. ಆಸ್ಟೆನೈಟ್‌ಗೆ ಆಯಸ್ಕಾಂತ ಅಂಟುವುದಿಲ್ಲ. ಅಂದರೆ ಅಲ್ಲಿ ಆಯಸ್ಕಾಂತ ಉಷ್ಣತಾಮಾಪಕವಲ್ಲ, ರಚನೆ ಬದಲಾದದ್ದಕ್ಕೆ ಸಾಕ್ಷಿ. ಇಂಗಾಲ ಕಡಿಮೆ ಇರುವ ಮೆದು ಉಕ್ಕಿನಲ್ಲಾದರೋ ರಚನೆ ಪೂರ್ತಿ ಬದಲಾಗುವ ಮೊದಲೇ ಕಾಂತಗುಣ ಹೋಗಿಬಿಡುತ್ತದೆ. ಆದ್ದರಿಂದ ಈ ಸಲಹೆ ಇಂಗಾಲ ಹೆಚ್ಚಿರುವ ಉಕ್ಕಿಗಷ್ಟೇ ಹೊಂದುತ್ತದೆ. ಅಲ್ಲಿಯೂ ಆಯಸ್ಕಾಂತ ಬಿಟ್ಟ ಮೇಲೆ ತುಸು ಹೆಚ್ಚು ಕಾಸಬೇಕು. ಬಹಳ ಕಾಸಿದರೆ ಹರಳುಗಳು ದೊಡ್ಡದಾಗಿ ಉಕ್ಕು ಪೆಡಸಾಗುತ್ತದೆ.

ಬಣ್ಣ ನೋಡಿ ಉಷ್ಣತೆ ಹೇಳುವುದು ಕಮ್ಮಾರಿಕೆಯ ಹಳೆಯ ವಿದ್ಯೆ. ಇದರಲ್ಲಿ ಎರಡು ಬಗೆಯ ಬಣ್ಣಗಳಿವೆ ಎಂಬುದನ್ನು ತರಗತಿಯಲ್ಲಿ ಬಿಡಿಸಿ ಹೇಳಬೇಕು. ಮೊದಲನೆಯದು ಕಾದ ವಸ್ತು ಸೂಸುವ ಬೆಳಕು. ಘನವಸ್ತುಗಳು ಸುಮಾರು 525° ಸೆ.ನಲ್ಲಿ ಕಣ್ಣಿಗೆ ಕಾಣುವಂತೆ ಹೊಳೆಯತೊಡಗುತ್ತವೆ ಎಂದು ಜಾನ್ ಡ್ರೇಪರ್ 1847ರಲ್ಲಿ ತೋರಿಸಿದರು. ಆದರೆ ಬಿಸಿಲಿನಲ್ಲಿ ಮಂಕಾಗಿ ಕಾಣುವ ಕೆಂಪು ನೆರಳಿನಲ್ಲಿ ಉಜ್ವಲವಾಗಿ ಕಾಣುತ್ತದೆ. ಕುಲುಮೆಯನ್ನು ನೆರಳಿನಲ್ಲಿಡುವ ಪದ್ಧತಿಯ ಹಿಂದಿನ ಯುಕ್ತಿ ಇದೇ.

ಎರಡನೆಯದು, ಗಡಸಾದ ಉಕ್ಕನ್ನು ಉಜ್ಜಿ ಹೊಳಪಿಸಿ, ಪೆಡಸುತನ ತಗ್ಗಿಸಲು ಮತ್ತೆ ಮೆಲ್ಲಗೆ ಕಾಸುವಾಗ ಮೂಡುವ ಬಣ್ಣ. ಸುಮಾರು 230°ಯಲ್ಲಿ ಹುಲ್ಲಿನ ಹಳದಿ, 255°ಯಲ್ಲಿ ಕಂದು, 280°ಯಲ್ಲಿ ನೇರಳೆ, 300°ಯಲ್ಲಿ ನೀಲಿ. ಇದು ಉಕ್ಕಿನ ಬೆಳಕಲ್ಲ. ಮೇಲ್ಮೈಯ ತೆಳುವಾದ ಆಕ್ಸೈಡ್ ಪದರದಲ್ಲಿ ಆಗುವ ಬೆಳಕಿನ ವ್ಯತಿಕರಣ, ಸೋಪಿನ ಗುಳ್ಳೆಯ ಬಣ್ಣಗಳ ಬಂಧು. ಪದರ ಉಷ್ಣತೆಯಿಂದಷ್ಟೇ ಅಲ್ಲ, ಸಮಯದಿಂದಲೂ ದಪ್ಪವಾಗುತ್ತದೆ. ಕಡಿಮೆ ಉಷ್ಣತೆಯಲ್ಲಿ ಬಹಳ ಹೊತ್ತು ಇಟ್ಟರೂ ನೀಲಿ ಬರಬಹುದು. ತುಕ್ಕು ಹಿಡಿಯದ ಉಕ್ಕಿಗಂತೂ ಈ ಪಟ್ಟಿ ಹೊಂದುವುದೇ ಇಲ್ಲ. ಆದ್ದರಿಂದ ಬಣ್ಣದ ಪಟ್ಟಿಯನ್ನು ನಂಬಿ, ಆದರೆ ಅದರ ಷರತ್ತುಗಳೊಂದಿಗೆ.

ಹಳೆಯ ಸಲಹೆಗಳನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವುದೂ ವಿಜ್ಞಾನವಲ್ಲ. ಯುರೋಪಿನ ಥಿಯೋಫಿಲಸ್ ಎಂಬ ಸನ್ಯಾಸಿ 12ನೆಯ ಶತಮಾನದಲ್ಲಿ, ಜರೀಗಿಡ ತಿನ್ನಿಸಿದ ಆಡಿನ ಮೂತ್ರದಲ್ಲಿ ಉಕ್ಕನ್ನು ಅದ್ದಲು ಹೇಳಿದ್ದ. ಕೆಂಗೂದಲಿನ ಬಾಲಕನ ಮೂತ್ರವೂ ಆದೀತು ಎಂದಿದ್ದ! ನಗಬೇಡಿ. ಕಾದ ಉಕ್ಕನ್ನು ಬರಿ ನೀರಿಗೆ ಅದ್ದಿದಾಗ ಸುತ್ತ ಆವಿಯ ಪೊರೆ ಕಟ್ಟಿಕೊಂಡು ತಣಿಯುವುದನ್ನು ತಡೆಯುತ್ತದೆ. ನೀರಿನಲ್ಲಿ ಉಪ್ಪು ಕರಗಿದ್ದರೆ ಆ ಪೊರೆ ಬೇಗ ಒಡೆಯುತ್ತದೆ. ಮೂತ್ರದಲ್ಲಿರುವುದೂ ಲವಣಗಳೇ. ಜರೀಗಿಡ, ಕೆಂಗೂದಲು ಬೇಕಿಲ್ಲ. ಹಿಡಿ ಉಪ್ಪು ಸಾಕು. ಹೀಗೆ ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸುವುದೇ ವಿಮರ್ಶೆ.

ವೈಗರ್ಸ್ ಬರೆದದ್ದು ಅಂದಿನ ಅಮೆರಿಕದ ಗುಜರಿಯನ್ನು ಕಣ್ಣೆದುರಿಟ್ಟುಕೊಂಡು. ಇಂದಿನ ವಾಹನಗಳಲ್ಲಿ ನಾನಾ ಬಗೆಯ ಮಿಶ್ರಲೋಹಗಳಿವೆ. ಕೆಲವು ಭಾಗಗಳು ಮೇಲ್ಮೈಯಲ್ಲಷ್ಟೇ ಗಡಸು. ಆದ್ದರಿಂದ ಗೊತ್ತಿಲ್ಲದ ಉಕ್ಕಿನ ಒಂದು ಚೂರನ್ನು ಮೊದಲು ಕಾಸಿ, ಎಣ್ಣೆಗೆ ಅದ್ದಿ, ಅರದಿಂದ ಉಜ್ಜಿ ನೋಡಿ. ಅರ ಜಾರಿದರೆ ಅದು ಗಡಸಾಗಿದೆ. ಅರ ಕಚ್ಚಿದರೆ ಆಗಿಲ್ಲ. ಸತುವಿನ ಲೇಪವಿರುವ ಕೊಳವೆ, ತಗಡುಗಳನ್ನು ಕುಲುಮೆಗೆ ಹಾಕಲೇಬೇಡಿ. ಸತು 907° ಸೆ.ನಲ್ಲಿ ಕುದಿಯುತ್ತದೆ, ಅದರ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ. ಎಣ್ಣೆಯ ಪಾತ್ರೆಗೆ ಲೋಹದ ಮುಚ್ಚಳ ಹತ್ತಿರವಿರಲಿ. ಎಣ್ಣೆಗೆ ಬೆಂಕಿ ಹೊತ್ತಿದರೆ ಮುಚ್ಚಬೇಕು, ನೀರು ಸುರಿಯಬಾರದು.

ಕುಲುಮೆ ಇಲ್ಲದ ಶಾಲೆಯಲ್ಲೂ ಇದರ ಸಾರವನ್ನು ತೋರಿಸಬಹುದು. ಒಂದು ದಪ್ಪ ಹೊಲಿಗೆ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಸಿ, ಒಡನೆ ನೀರಿಗೆ ಅದ್ದಿ. ಬಟ್ಟೆಯಲ್ಲಿ ಸುತ್ತಿ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಇನ್ನೊಂದನ್ನು ಹಾಗೆಯೇ ಅದ್ದಿ, ಹೊಳಪಿಸಿ, ಜ್ವಾಲೆಗೆ ದೂರದಿಂದ ಹಿಡಿದು ನೀಲಿ ಬರುವವರೆಗೆ ಮೆಲ್ಲಗೆ ಕಾಸಿ. ಅದು ಅಷ್ಟು ಸುಲಭವಾಗಿ ಮುರಿಯದೆ ಬಳುಕುತ್ತದೆ. ಮೂರನೆಯದನ್ನು ಕೆಂಪಗೆ ಕಾಸಿ ಗಾಳಿಯಲ್ಲಿ ನಿಧಾನವಾಗಿ ಆರಿಸಿ. ಅದು ಬಾಗಿದಂತೆಯೇ ಉಳಿಯುತ್ತದೆ. ಇದೇ ಪರೀಕ್ಷೆಯನ್ನು ಮೆದು ಉಕ್ಕಿನ ಮೊಳೆಗೆ ಮಾಡಿದರೆ ಅಂಥ ವ್ಯತ್ಯಾಸ ಕಾಣದು. ಕಾರಣ, ಅದರಲ್ಲಿ ಇಂಗಾಲ ಕಡಿಮೆ. ಮಕ್ಕಳ ಕಣ್ಣಿಗೆ ರಕ್ಷಣಾ ಕನ್ನಡಕ ಇರಲೇಬೇಕು.

ವೈಗರ್ಸ್ ಪುಸ್ತಕ ಶಾಲಾ ಕಾಲೇಜು ಗ್ರಂಥಾಲಯಗಳಲ್ಲಿರಲು ಯೋಗ್ಯವಾದದ್ದು. ಅದನ್ನು ಓದಿ, ಪ್ರತಿ ಸಲಹೆಯ ಪಕ್ಕದಲ್ಲೂ ‘ಏಕೆ?’ ಎಂದು ಬರೆದಿಡಿ. ಆಮೇಲೆ ನಿಮ್ಮೂರಿನಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯಿರಿ. ‘ಹೇಗೆ’ ಎಂಬುದನ್ನು ಕಮ್ಮಾರರು ತೋರಿಸಲಿ, ‘ಏಕೆ’ ಎಂಬುದನ್ನು ವಿದ್ಯಾರ್ಥಿಗಳು ಹುಡುಕಲಿ. ಎರಡೂ ಕೂಡಿದಾಗಲೇ ಕಲಿಕೆಗೆ ಹದ ಬರುವುದು.