ಏಳಡಿ ಹೋಸಿನ ಜಗಳ

ನೇತ್ರಾಣಿಗೆ ಹೊರಟ ನಮ್ಮ ಬೆಂಗಳೂರು ಡೈವರುಗಳ ಜಗಳ ಕೇಳಬೇಕು ನೀವು. ಸಿಲಿಂಡರ್ ಬೆನ್ನಿಗೋ ಪಕ್ಕಕ್ಕೋ? 7 ಅಡಿ ಹೋಸು ಇಲ್ಲದವನು ಡೈವರೇ ಅಲ್ಲವಂತೆ!

ಆ 7 ಅಡಿಗೆ ಕಾರಣ ಇದೆ. ಫ್ಲೋರಿಡಾದ ನೀರೊಳಗಿನ ಗುಹೆಗಳ ಇಕ್ಕಟ್ಟಿನಲ್ಲಿ ಇಬ್ಬರು ಅಕ್ಕಪಕ್ಕ ಈಜೋಕಾಗಲ್ಲ. ಒಬ್ಬನ ಗಾಳಿ ಮುಗಿದರೆ ಇನ್ನೊಬ್ಬನ ಹೋಸು ಕಚ್ಚಿಕೊಂಡು ಹಿಂದೆಮುಂದೆ ಸಾಲಾಗಿ ಹೊರಬರಬೇಕು. ಮುರ್ಡೇಶ್ವರದಾಚೆಯ ತೆರೆದ ಕಡಲಲ್ಲಿ ತಲೆ ಮೇಲೆ ಬಂಡೆಯ ಚಾವಣಿ ಎಲ್ಲಿದೆ? ಬಳಸಿದರೆ ತಪ್ಪಿಲ್ಲ ಬಿಡಿ, ಆದರೆ ಕಡ್ಡಾಯ ಅನ್ನೋಕೆ ಗುಹೆಯ ವಾದ ಸಾಲದು.

ಹಡಗಲಿ ಕಡೆಯವನಾದ ನನಗೆ ತುಂಗಭದ್ರೆಯ ಹರಿಗೋಲು ನೆನಪಾಗುತ್ತೆ. ಬುಟ್ಟಿಯಂಥದು, ಮುಂದಿಲ್ಲ ಹಿಂದಿಲ್ಲ. ಅಂಬಿಗ ಮೊದಲು ನೋಡೋದು ಹುಟ್ಟನ್ನಲ್ಲ, ಯಾರು ಎಲ್ಲಿ ಕೂತರು ಅಂತ. ಒಂದೇ ಕಡೆ ಭಾರ ಬಿದ್ದರೆ ಮುಗೀತು.

ನಮ್ಮ ಪಂಡಿತರೋ, ದೋಣಿ ವಿಷಯ ಬಂದರೆ "ಅಡ್ಜಸ್ಟ್ ಮಾಡ್ಕೊಳ್ಳಿ" ಅಂತಾರೆ. ಅಷ್ಟು ಭಾರ ಹೊತ್ತು ಅಲೆಯಲ್ಲಿ ಹತ್ತೋಕೆ ಗಟ್ಟಿ ಏಣಿ ಇದೆಯಾ? ಸಿಲಿಂಡರುಗಳನ್ನು ಬಿಗಿದು ಕಟ್ಟಿದ್ದಾರಾ? ಮೇಲೆ ಬಂದವನ ಕೀಲು ನೋಯತೊಡಗಿದರೆ ದಡ ಮುಟ್ಟೋವರೆಗೆ ಕೊಡೋಕೆ ಶುದ್ಧ ಆಮ್ಲಜನಕ ಇದೆಯಾ? ವಾಪಸ್ ಹೊರಡೋ ಮುಂಚೆ ತಲೆ ಎಣಿಸ್ತಾರಾ?

1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಅಮೆರಿಕದ ದಂಪತಿಯನ್ನು ನೀರಲ್ಲೇ ಬಿಟ್ಟು ದೋಣಿ ದಡಕ್ಕೆ ಮರಳಿತ್ತು. ಅವರಿಲ್ಲ ಅಂತ ಗೊತ್ತಾಗಿದ್ದು ಎರಡು ದಿನ ಕಳೆದ ಮೇಲೆ. ಅವರು ಸಿಗಲೇ ಇಲ್ಲ.