ಹಿಟ್ಟಿಗೆ ಮಸಾಲೆ, ಹಣ್ಣಿಗೆ ಹುಳಿ

ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಸಂಜೆಯ ರಸ್ತೆಗಳಲ್ಲಿ ಚಾಟ್ ಗಾಡಿ, ಜ್ಯೂಸ್ ಅಂಗಡಿಗಳ ಸಾಲಿಗೆ ಈಗ ವಾಫಲ್ ಅಂಗಡಿಯೂ ಸೇರಿಕೊಂಡಿದೆ. ಕಾದ ಅಚ್ಚಿಗೆ ಹಿಟ್ಟು ಸುರಿದು ಮುಚ್ಚುತ್ತಾರೆ. ಚೌಕುಳಿ ಚೌಕುಳಿಯಾಗಿ ಬೆಂದು ಬಂದದ್ದಕ್ಕೆ ಚಾಕೊಲೇಟು ಬಳಿದು, ಮಡಚಿ ಕೈಗಿಡುತ್ತಾರೆ. ಮಕ್ಕಳಿಗೆ ಖುಷಿಯೋ ಖುಷಿ. ಆದರೆ ನಾಲಿಗೆಗೆ ಸಿಗುವುದು ಚಾಕೊಲೇಟಿನ ರುಚಿ ಮಾತ್ರ. ಕೆಳಗಿನ ವಾಫಲ್‌ಗೆ ತನ್ನದೇ ಆದ ರುಚಿ ಇದೆಯೋ ಇಲ್ಲವೋ ಎಂದು ಕೇಳುವವರಿಲ್ಲ. ಬಹುಪಾಲು ಕಡೆ ಪ್ಯಾಕೆಟ್ಟಿನ ಪ್ರೀಮಿಕ್ಸ್ ಪುಡಿ, ವೆನಿಲಾ ಪರಿಮಳ, ಮುಗಿಯಿತು.

ಈ ತಿಂಡಿ ಮೊದಲಿನಿಂದಲೂ ಹೀಗೇನೂ ಇರಲಿಲ್ಲ. ಯೂರೋಪಿನಲ್ಲಿ ಉದ್ದ ಹಿಡಿಯ ಎರಡು ಕಬ್ಬಿಣದ ಹಲಗೆಗಳ ನಡುವೆ ಹಿಟ್ಟು ಒತ್ತಿ ಬೆಂಕಿಯ ಮೇಲೆ ಬೇಯಿಸುವ ಪದ್ಧತಿ ಮಧ್ಯಯುಗದಿಂದಲೇ ಇದೆ. ಅಮೆರಿಕದಲ್ಲಿ ಬೆಲ್ಜಿಯನ್ ವಾಫಲನ್ನು ಮನೆಮಾತಾಗಿಸಿದ್ದು 1964ರ ನ್ಯೂಯಾರ್ಕ್ ವಿಶ್ವಮೇಳ. ಅಲ್ಲಿ ಬೆಲ್ಜಿಯಂನ ಮೌರಿಸ್ ವರ್ಮರ್ಷ್ ಮಾರಿದ ವಾಫಲ್ ಮೇಲಿದ್ದದ್ದು ಸ್ಟ್ರಾಬೆರಿ ಮತ್ತು ಕಡೆದ ಕೆನೆ. ಅಂದರೆ ಹುಳಿ ಹಣ್ಣು, ಅದನ್ನು ತಣಿಸಲು ಕೆನೆ. ವಾಫಲ್‌ಗೆ ಆ ಗುಳಿಗಳಿರುವುದೇ ಹರಿಯುವ ರಸ ನಿಲ್ಲಲಿ ಎಂದು. ಗಟ್ಟಿ ಚಾಕೊಲೇಟು ಗುಳಿಯನ್ನು ಸಾರಿಸಿ ಮುಚ್ಚುತ್ತದೆ. ಹಾಗೆ ಮುಚ್ಚುವುದಾದರೆ ಅಚ್ಚಿನ ಶ್ರಮವಾದರೂ ಯಾತಕ್ಕೆ?

ಮನೆಯಲ್ಲಿ ಮಸಾಲೆ ವಾಫಲ್ ಮಾಡಹೊರಟವರು ಈ ತಪ್ಪಿನಿಂದ ಹೊರಬರಬಲ್ಲರು. ಅವರಿಗೆ ಎದುರಾಗುವ ತೊಡಕು ಬೇರೆ, ಅದು ನಮ್ಮ ಅಡಿಗೆಯ ಅಭ್ಯಾಸದ್ದು. ನಾವು ಹಿಟ್ಟನ್ನು ಸಪ್ಪೆಯಾಗಿ ಬಿಟ್ಟು ರುಚಿಯನ್ನೆಲ್ಲ ಜೊತೆಗಾರನಿಗೆ ವಹಿಸುವವರು. ದೋಸೆಗೆ ಉಪ್ಪು, ಹುಳಿ ಬಿಟ್ಟರೆ ಇನ್ನೇನೂ ಇಲ್ಲ, ಖಾರವೆಲ್ಲ ಚಟ್ನಿಯದು. ಒಬ್ಬಟ್ಟಿನ ಕಣಕಕ್ಕೆ ಚಿಟಿಕೆ ಅರಿಶಿನ, ಏಲಕ್ಕಿ ಹೋಗುವುದು ಹೂರಣಕ್ಕೆ. ಹಣ್ಣಿನ ವಿಷಯದಲ್ಲೂ ಹಾಗೆಯೇ: ಮದುವೆಯೂಟದ ಅನಾನಸ್ ಗೊಜ್ಜಿನಲ್ಲಿ ಹುಣಸೆ, ಬೆಲ್ಲ, ಎಳ್ಳು, ಮೆಣಸಿನಕಾಯಿ ಎಲ್ಲ ಹಣ್ಣಿನೊಳಗೇ ಸೇರಿರುತ್ತವೆ. (ಅಕ್ಕಿರೊಟ್ಟಿ ಇದಕ್ಕೆ ಅಪವಾದ. ಹಿಟ್ಟಿಗೇ ಈರುಳ್ಳಿ, ಸಬ್ಬಸಿಗೆ, ಹಸಿಮೆಣಸು ಬಿದ್ದಿರುವುದರಿಂದ ಮೇಲೆ ಬೆಣ್ಣೆ ಇದ್ದರೆ ಸಾಕು.) ಮಸಾಲೆ ವಾಫಲ್ ಕೇಳುವುದು ಈ ಅಕ್ಕಿರೊಟ್ಟಿಯ ನ್ಯಾಯವನ್ನು. ಚಕ್ಕೆ, ಶುಂಠಿ, ಜಾಯಿಕಾಯಿ ಹಿಟ್ಟಿನಲ್ಲಿರಬೇಕು, ಮೇಲಿನ ಹಣ್ಣು ಬರೀ ಹಣ್ಣಾಗಿರಬೇಕು. ಆದರೆ ಅಭ್ಯಾಸ ಬಿಡುತ್ತದೆಯೇ? ಹಿಟ್ಟಿಗೂ ಏಲಕ್ಕಿ, ಸಾಸಿಗೂ ಏಲಕ್ಕಿ, ಕೊನೆಗೊಂದು ಲವಂಗ. ತಿಂದರೆ ಪಾಯಸದ ಪರಿಮಳ ಬರುತ್ತದೆ, ಹಣ್ಣು ಕಾಣೆಯಾಗಿರುತ್ತದೆ.

ಮಸಾಲೆಯಲ್ಲೂ ಆಯ್ಕೆ ಬೇಕು. ಏಲಕ್ಕಿ ನಮಗೆ ಕೈಗೆಟುಕುವಷ್ಟು ಹತ್ತಿರದ್ದು, ಆದರೆ ಅಚ್ಚಿನ ಬಿಸಿಗೆ ಅದರ ಘಮ ಬಹುಪಾಲು ಹಬೆಯೊಡನೆ ಹಾರಿ ಅಡಿಗೆಮನೆಯನ್ನು ಸೇರುತ್ತದೆ. ಚಕ್ಕೆ, ಒಣಶುಂಠಿ ಹಾಗಲ್ಲ, ಕಂದುಬಣ್ಣಕ್ಕೆ ತಿರುಗಿದ ಹಿಟ್ಟಿನೊಡನೆ ಚೆನ್ನಾಗಿ ಕೂಡಿಕೊಳ್ಳುತ್ತವೆ. ಜಾಯಿಕಾಯಿಯನ್ನು ಒಂದೆರಡು ಸಲ ತೇದರೆ ಸಾಕು, ಹೆಚ್ಚಾದರೆ ಕಷಾಯದ ನೆನಪು. ಒಂದು ಚಿಟಿಕೆ ಕರಿಮೆಣಸು ಹಾಕುವವರಿದ್ದಾರೆ. ಅವರ ಪರವಾಗಿಯೇ ನನ್ನ ಮತ.

ಇನ್ನು ಮೇಲಿನ ಹಣ್ಣಿನ ಸಾಸು. ಇಲ್ಲಿ ಪಶ್ಚಿಮ ಬೆಂಗಳೂರಿನವರಿಗೆ ಸಿಕ್ಕಿರುವ ಅನುಕೂಲವನ್ನು ನಾವೇ ಸರಿಯಾಗಿ ಬಳಸಿಕೊಂಡಿಲ್ಲ. ಸೂಪರ್‌ಮಾರ್ಕೆಟ್ಟಿಗೆ ಹೋಗಿ ಫ್ರೋಜನ್ ಬ್ಲೂಬೆರಿ ಹುಡುಕುವವರು ತಳ್ಳುಗಾಡಿಯ ಮೇಲಿರುವ ಕಪ್ಪು ದ್ರಾಕ್ಷಿಯನ್ನು ನೋಡುವುದೇ ಇಲ್ಲ. ಬೆಂಗಳೂರು ನೀಲಿ ದ್ರಾಕ್ಷಿ ಈ ಕೆಲಸಕ್ಕೇ ಹುಟ್ಟಿದಂತಿದೆ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ಕೋಲಾರದ ಕಡೆ ವರ್ಷಕ್ಕೆ ಎರಡು ಬೆಳೆ, ದಪ್ಪ ಸಿಪ್ಪೆ, ಬೀಜ, ಎದ್ದುಕಾಣುವ ಹುಳಿ, ಜೊತೆಗೆ ಗಾಢವಾದ ಒಂದು ವಾಸನೆ. ಬಾಯಿಗೆ ಹಾಕಿಕೊಂಡು ತಿನ್ನಲು ಬೀಜ ಅಡ್ಡಿ ಎಂದು ಮೂಗು ಮುರಿಯುವವರೂ ಇದನ್ನು ಕುದಿಸಿ ನೋಡಬೇಕು. ಸಿಪ್ಪೆಯ ಪೆಕ್ಟಿನ್‌ನಿಂದ ರಸ ತಾನಾಗಿಯೇ ಮಂದವಾಗುತ್ತದೆ, ಕಾರ್ನ್‌ಫ್ಲೋರ್ ಬೇಡ. ಹಿಸುಕಿ, ಸೋಸಿ, ಸ್ವಲ್ಪವೇ ಸಕ್ಕರೆ ಹಾಕಿ ಇನ್ನೊಂದು ಕುದಿ. ಇಂದು ಎಲ್ಲರೂ ತರಕಾರಿ ಅಂಗಡಿ ಎಂದು ತಿಳಿದಿರುವ ಹಾಪ್‌ಕಾಮ್ಸ್ 1959ರಲ್ಲಿ ತೋಟಗಾರಿಕೆ ತಜ್ಞ ಎಂ.ಎಚ್. ಮರೀಗೌಡರ ಮುತುವರ್ಜಿಯಿಂದ ಶುರುವಾದದ್ದು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿಯೇ. ಈ ಹಣ್ಣಿಗೆ ಊರಿನಲ್ಲಿ ಅಷ್ಟು ಹಳೆಯ ಹಕ್ಕಿದೆ.

ಬೆಲ್ಲ ಹಾಕಬಹುದೇ? ಹಾಕಬಹುದು, ಆದರೆ ಬೆಲ್ಲದ ಕಂದು ರುಚಿ ದ್ರಾಕ್ಷಿಯ ವಾಸನೆಯನ್ನು ಅದುಮುತ್ತದೆ. ಜೂನ್‌ನಲ್ಲಿ ಬರುವ ನೇರಳೆಗೆ ಬೆಲ್ಲ ಒಗ್ಗುತ್ತದೆ, ಒಗರನ್ನು ತಗ್ಗಿಸುತ್ತದೆ. ಮಾವಿನಲ್ಲಿ ಬಾದಾಮಿಗಿಂತ ತೋತಾಪುರಿ ಮೇಲು. ರಸಪುರಿಯ ಸೀಕರಣೆಯನ್ನು ವಾಫಲ್ ಮೇಲೆ ಸುರಿಯುವ ಪ್ರಯೋಗ ಮಾತ್ರ ಬೇಡವೇ ಬೇಡ. ಹಾಲು ಬೆರೆತ ತೆಳು ರಸ ಗುಳಿಯಲ್ಲಿ ನಿಲ್ಲುವ ಬದಲು ಹಿಟ್ಟಿಗೆ ಇಳಿದು ಎಲ್ಲವನ್ನೂ ಮೆತ್ತಗಾಗಿಸುತ್ತದೆ.

ಮೆತ್ತಗಾಗುವ ಮಾತು ಬಂದಾಗ ಮೊಟ್ಟೆಯ ಮಾತೂ ಬರಬೇಕು. ಅಯ್ಯಂಗಾರ್ ಬೇಕರಿಗಳು ಪಳಗಿಸಿದ ಈ ಬಡಾವಣೆಗಳಲ್ಲಿ ಎಗ್‌ಲೆಸ್ ಎಂಬುದು ಷರತ್ತಲ್ಲ, ರೂಢಿ. ತೊಂದರೆಯೇನೂ ಇಲ್ಲ. ಆದರೆ ವಾಫಲ್‌ನಲ್ಲಿ ಮೊಟ್ಟೆ ಮಾಡುತ್ತಿದ್ದ ಕೆಲಸ ಎರಡು: ಕಡೆದ ಬಿಳಿಭಾಗ ಹಿಟ್ಟನ್ನು ಹಗುರಾಗಿಸುತ್ತಿತ್ತು, ಬೆಂದಾಗ ಹೊರಪದರಕ್ಕೆ ಬಲ ಕೊಡುತ್ತಿತ್ತು. ಮಜ್ಜಿಗೆ, ಅಡಿಗೆ ಸೋಡಾ ಮೊದಲನೆಯದನ್ನು ತಕ್ಕಮಟ್ಟಿಗೆ ಮಾಡುತ್ತವೆ. ಎರಡನೆಯದಕ್ಕೆ ಮೈದಾದ ಜೊತೆ ಎರಡು ಚಮಚ ಅಕ್ಕಿಹಿಟ್ಟು, ಕೈಬಿಚ್ಚಿ ಬೆಣ್ಣೆ, ಮತ್ತು ತಾಳ್ಮೆ. ಅಚ್ಚಿನಿಂದ ಏಳುವ ಹಬೆ ನಿಲ್ಲುವತನಕ ಮುಚ್ಚಳ ತೆಗೆಯಬಾರದು. ಹಬೆ ಇನ್ನೂ ಬರುತ್ತಿದೆ ಎಂದರೆ ಒಳಗೆ ನೀರು ಇನ್ನೂ ಇದೆ ಎಂದರ್ಥ. ತೆಗೆದ ಮೇಲೆ ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸದೆ ಜಾಲರಿಯ ಮೇಲಿಡಬೇಕು. ಡಬ್ಬಿಯಲ್ಲಿ ಮುಚ್ಚಿ ರಾಜಾಜಿನಗರದಿಂದ ಕೆಂಗೇರಿ ಉಪನಗರಕ್ಕೆ ಪಾರ್ಸೆಲ್ ತರಿಸಿಕೊಳ್ಳುವವರು ತಿನ್ನುವುದು ತನ್ನದೇ ಹಬೆಯಲ್ಲಿ ಬೆವೆತ ಬ್ರೆಡ್ಡನ್ನು. ಹನಿ ಕೇಕಿನ ಒದ್ದೆ ಮೆತ್ತನೆಗೆ ಒಗ್ಗಿದ ಬಾಯಿಗೆ ಅದು ತಪ್ಪೆಂದು ತೋರದಿರಬಹುದು. ನನಗಂತೂ ಗರಿಗರಿಯಲ್ಲದ ವಾಫಲ್ ಬೇಡ.

ಉಳಿದ ದ್ರಾಕ್ಷಿ ಸಾಸನ್ನು ಮರುದಿನ ದೋಸೆಗೆ ಹಚ್ಚುವವರಿಗೊಂದು ಮಾತು. ಉದ್ದಿನ ದೋಸೆಗೆ ಅದು ಹೊಂದುವುದಿಲ್ಲ, ಹುದುಗಿದ ಹುಳಿಯ ಮೇಲೆ ಹಣ್ಣಿನ ಹುಳಿ ಬಿದ್ದು ಎರಡೂ ಕೆಡುತ್ತವೆ. ನೀರುದೋಸೆಗಾದರೆ ಧಾರಾಳವಾಗಿ ಹಚ್ಚಿ.